ಕಮಲಾಕ್ಷಮ್ಮನ ಬುಟ್ಟಿ

ಕೆಂಪು ಗೆರೆಯೊಂದು ಮಾಯವಾಯಿತು, ಅದಿದ್ದ ಕಡೆ ನೀಲಿ ಬಂದು ಕೂತಿತು, ಪಕ್ಕದ ಬಿಳಿ ಜಾಗಕ್ಕೂ ಒಂಚೂರು ನೀಲಿ ಹಬ್ಬಿತು — ನಡೀತಾ ಇದೆ, ನಡೀಲಿ, ಅಂದುಕೊಂಡ ಗೌರೀಶಂಕರ, ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ, ಚದುರಿ ಬಿದ್ದಿರೋದನ್ನೆಲ್ಲ ಅದೇ ಆಯ್ದು ಒಂದು ಕಡೆ ಜೋಡಿಸುತ್ತೆ ಅಂಕಲ್, ಕೆಂಪೆಲ್ಲ ನೀಲಿ ಆಗಬೇಕು, ಆಮೇಲೆ ನೋಡಿ ಹೊಸಾದರ ಥರ ಓಡುತ್ತೆ, ಅಂತ ಹಾಸನದ ಕಂಪ್ಯೂಟರ್ ಅಂಗಡಿಯ ರಜನೀಶ ನಿನ್ನೆ ಫೋನಿನಲ್ಲಿ ಹೇಳಿದ್ದ, ಓಡೋದು ಬೇಡಪ್ಪ ಮಹರಾಯ, ಎದ್ದು ನಿಂತರೆ ಸಾಕು, ಈ ಮುದಿ ಡಬ್ಬ ಗುಂಡಿ ಒತ್ತಿದರೆ ಸ್ನಾನ ಪೂಜೆ ಎರಡೂ ಮುಗಿದ ಮೇಲೆ ಕಣ್ಣು ಬಿಡುತ್ತೆ, ಫೋಲ್ಡರ್ ತೆಗಿ ಅಂದರೆ ಅರ್ಧ ತೆಗೆದು ಹಾಗೇ ಆಕಾಶ ನೋಡುತ್ತಾ ಕೂರುತ್ತೆ, ನನ್ನ ಪಾತ್ರೆ ಅಂಗಡಿಯಲ್ಲಿ ಇಂಥ ಕೆಲಸದವನು ಇದ್ದಿದ್ದರೆ ಯಾವತ್ತೋ ಕೈಗೆ ಟವೆಲು ಕೊಟ್ಟು ಕಳಿಸುತ್ತಿದ್ದೆ, ಆದರೆ ಇದನ್ನು ಕಳಿಸೋ ಹಾಗಿಲ್ಲ, ಇದರೊಳಗೆ ಅವಳಿದ್ದಾಳೆ — ಹಿಂದೆ ಕುರ್ಚಿ ಕಿರ್ ಅಂತು, ತಿರುಗಿದ, ಏನಿಲ್ಲ, ಕೂತಿದ್ದಾಳೆ ಹೆಂಡತಿ ಕಮಲಾಕ್ಷಮ್ಮ, ಎರಡು ಕಿವಿಗೂ ಕಪ್ಪು ಹೆಡ್‌ಫೋನು, ಬೆಳಿಗ್ಗೆ ಇವನೇ ಹಚ್ಚಿದ ವಿಭೂತಿ ಸೊಟ್ಟಗಾಗಿದೆ, ವೈರು ಮಡಿಲಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದೆ, ತಲೆ ಒಂಚೂರು ಬಗ್ಗಿಸಿಕೊಂಡು ಇವನನ್ನೇ ನೋಡುತ್ತಿದ್ದಾಳೆ, ಇನ್ನೂ ಪಿನ್ನೇ ಚುಚ್ಚಿಲ್ಲ ಕಣೇ, ಬೆಳಿಗ್ಗೆ ಹಾಕಿದ್ದು, ಇಷ್ಟು ಹೊತ್ತೂ ಯಾಕೆ ಹಾಕ್ಕೊಂಡೇ ಕೂತಿದೀಯಾ, ಕಿವಿ ಬೆವರುತ್ತೆ, ಅಂತ ತೆಗೆಯೋಕೆ ಹೋದರೆ ಎಡಗೈಯಲ್ಲಿ ಗಟ್ಟಿಯಾಗಿ ಹಿಡಕೊಂಡಳು, ಬಿಡಲೇ ಇಲ್ಲ, ಆಸೆ ಪಾಪ, ಇರಲಿ, ಹಾಕ್ಕೊಂಡೇ ಇರಲಿ.

ಕಾರ್ತಿಕದ ಸೋಮವಾರ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು, ಏನೇ, ಏನಾಯ್ತೇ, ಅಂದರೆ ಬಾಯಿ ತೆರೆದಳು, ಬಾಯಿ ಎಡಕ್ಕೆ ಎಳಕೊಂಡು ಹೋಯಿತು, ಮಾತು ಬರಲಿಲ್ಲ, ಅವತ್ತಿಂದ ಬಂದೇ ಇಲ್ಲ — ಬಲಗಾಲು ಅಷ್ಟೋ ಇಷ್ಟೋ ಬಂತು, ಬಲಗೈ ಇನ್ನೂ ಇಲ್ಲ, ತಿಳಿಯೋದೆಲ್ಲ ತಿಳಿಯುತ್ತೆ, ಸಾರಿಗೆ ಉಪ್ಪು ಕಮ್ಮಿ ಆದರೆ ಮುಖ ಸಿಂಡರಿಸುತ್ತಾಳೆ, ಅರಕಲಗೂಡಿಂದ ಮಗಳು ನಿಧಿ ಬಸ್ಸಿಳಿದು ಬಂದರೆ ಅಳುತ್ತಾಳೆ, ಆದರೆ ಬಾಯಿಂದ ಬರೋದು ಒಂದು ಆ, ಅಷ್ಟೇ, ನೀರಿಗೂ ಆ, ನೋವಿಗೂ ಆ, ಮಗಳಿಗೂ ಆ. ಹಾಸನದಲ್ಲಿ ಮಾತು ಕಲಿಸೋ ಮೇಡಂ ಒಬ್ಬರು, ಚಿಕ್ಕ ಹುಡುಗಿ, ಕಮಲಾಕ್ಷಮ್ಮನ ಗಲ್ಲ ಹಿಡಿದು ಮಾ ಅನ್ನಿ, ಪಾ ಅನ್ನಿ ಅನ್ನುತ್ತಾರೆ, ಆಮೇಲೆ ಅವರೇ ಹೇಳಿದ್ದು, ಸಾರ್, ಇವರದೇ ಹಳೇ ಧ್ವನಿ ಎಲ್ಲಾದರೂ ಇದ್ದರೆ ದಿನಾ ಕೇಳಿಸಿ, ತಮ್ಮ ಬಾಯಿಂದ ಬಂದ ಮಾತು ತಮ್ಮ ಕಿವಿಗೆ ಬಿದ್ದರೆ ಕೆಲವರಿಗೆ ಎಳೆ ಸಿಗುತ್ತೆ. ಎಳೆ ಸಿಗುತ್ತೆ! ಆ ಮಾತು ಕೇಳಿ ಬಸ್ಸಿನಲ್ಲಿ ಬರುವಾಗ ಎಷ್ಟು ದಿನದ ಮೇಲೆ ಎದೆ ಹಗುರ ಆಗಿತ್ತು, ಮನೆಗೆ ಬಂದವನೇ ನಿಧಿಯ ಮದುವೆ ವಿಡಿಯೊ ಹಾಕಿದ, ಆ ಪುಣ್ಯಾತ್ಮ ವಿಡಿಯೊದವನು ಅವಳು ಬಾಯಿ ಬಿಟ್ಟ ಕಡೆಯೆಲ್ಲ ಓಲಗ ತುಂಬಿಸಿಟ್ಟಿದ್ದಾನೆ, ಅವಳು ನಗುತ್ತಾಳೆ, ಬೀಗಿತ್ತಿಗೆ ಏನೋ ಹೇಳುತ್ತಾಳೆ, ಪೀಪೀ ಡುಂಡುಂ, ಇನ್ನು ಮೊಬೈಲಿನಲ್ಲಿ ಅವಳು ಬೇಕಾದಷ್ಟು ಮಾತಾಡಿದವಳೇ ಹೊರತು ಮಾತು ಹಿಡಿದಿಟ್ಟವಳಲ್ಲ, ಎಲ್ಲ ಗಾಳಿಗೆ ಹೋಯಿತು. ಆಗ ನಿಧಿಗೇ ಹೊಳೆದದ್ದು, ಅಪ್ಪಾಜಿ, ಅಮ್ಮ ಲಗ್ನಪತ್ರಿಕೆ ಓದಿ ರೆಕಾರ್ಡ್ ಮಾಡಿಡ್ತಿದ್ರಲ್ಲ, ಆ ಹಳೇ ಕಂಪ್ಯೂಟರ್‌ನಲ್ಲೇ ಇರುತ್ತೆ, ಹುಡುಕಿ, ಅಂದಳು, ಹುಡುಕೋಣ ಅಂತ ಕೂತರೆ ಇದು ಏಳಲೊಲ್ಲದು.

ಲಗ್ನಪತ್ರಿಕೆ ಅಂದರೆ ಕಮಲಾಕ್ಷಮ್ಮ, ಚನ್ನರಾಯಪಟ್ಟಣದಲ್ಲಿ ಯಾರನ್ನು ಕೇಳಿ, ಇವನ ಅಂಗಡಿಯಲ್ಲಿ ಮದುವೆಗೆ ಪಾತ್ರೆ ಕೊಂಡವರು ಅಲ್ಲಿಂದ ಸೀದಾ ಮನೆಗೆ, ಅಮ್ಮಾರೇ ಪತ್ರಿಕೆ ಮಾಡಿಕೊಡಿ ಅಂತ, ಇವನು ಅಲ್ಲಿ ಕೊಳಗದ ಮೇಲೆ ಸೂಜಿ ಮೆಷಿನ್ನಲ್ಲಿ ಗರ್ರ್ ಅಂತ ಹೆಸರು ಕೊರೆಯೋದು, ಅವಳು ಇಲ್ಲಿ ಟಕಟಕ ಹೆಸರು ಕೂರಿಸೋದು, ಇಬ್ಬರದೂ ಹೆಸರಿನ ಬದುಕೇ. ಅವಳದು ಇವನದಕ್ಕಿಂತ ಕಷ್ಟ, ಕೊಳಗದ ಮೇಲೆ ಒಂದು ಹೆಸರು ಹಾಕಿದರೆ ಮುಗಿಯಿತು, ಪತ್ರಿಕೆಯಲ್ಲಿ ಸುಖಾಗಮನ ಬಯಸುವವರು ಅಂತ ಕೆಳಗೆ ಒಂದು ಸಾಲು ಇರುತ್ತಲ್ಲ, ಅಲ್ಲಿ ಒಬ್ಬ ಸೋದರಮಾವನ ಹೆಸರು ಬಿಟ್ಟು ಹೋಗಲಿ, ಅಥವಾ ತಮ್ಮನ ಹೆಸರು ಅಣ್ಣನ ಮೇಲೆ ಬರಲಿ, ಛತ್ರದಲ್ಲಿ ಊಟದ ಎಲೆ ಬಿಟ್ಟು ಎದ್ದು ಹೋಗುತ್ತಾರೆ, ಹಳ್ಳಿಮೈಸೂರಿನ ಒಂದು ಮನೆಯವರು ಬಂದು ನೀವು ಫೋನಿನಲ್ಲಿ ಓದುವಾಗ ನಮ್ಮ ದೊಡ್ಡಪ್ಪನ ಹೆಸರು ಓದಿದಿರಿ, ಅಚ್ಚಲ್ಲಿ ನುಂಗಿದಿರಿ ಅಂತ ಬಾಗಿಲಲ್ಲಿ ನಿಂತು ಕೂಗಾಡಿದರು, ಅವತ್ತು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದವಳು ಹೇಳಿದಳು, ರೀ, ನಂಗೊಂದು ಮೈಕ್ ತಂದುಕೊಡಿ. ಆಮೇಲಿಂದ ಎಲ್ಲ ಪತ್ರಿಕೆಯನ್ನೂ ಮೊದಲಿಂದ ಕೊನೆಗೆ ಒಂದು ಸಲ ಓದಿ ಹಿಡಿದಿಡೋದು, ಫೋನನ್ನು ಸ್ಪೀಕರ್ ಪೆಟ್ಟಿಗೆಗೆ ಹಿಡಿದು ಅವರಿಗೆ ಕೇಳಿಸೋದು, ಸರೀನಾ, ಸರಿ ಅಮ್ಮಾರೆ, ಹಂಗಾದ್ರೆ ಅಚ್ಚಿಗೆ ಕಳಿಸ್ತೀನಿ, ಏನಾದರೂ ತಕರಾರು ಬಂದರೆ ನೋಡ್ರಪ್ಪ ಸಾಕ್ಷಿ ಇಲ್ಲಿದೆ. ಅವಳು ಓದೋ ಚೆಂದ! ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ ಅಂತ ಶುರು ಮಾಡಿದರೆ ಯಾರದೋ ಮದುವೆ ನಮ್ಮನೆಯದೇ ಅನ್ನಿಸಬೇಕು, ಶ್ರೀಮತಿ ಲಕ್ಕಮ್ಮ ಮತ್ತು ದಿವಂಗತ ರುದ್ರಯ್ಯನವರ ಮೊಮ್ಮಗ, ಅಲ್ಲಿ ಒಂದು ಉಸಿರು, ದಿವಂಗತ ಅನ್ನುವಾಗ ದನಿ ತಾನಾಗಿ ಇಳಿಯುತ್ತಿತ್ತು, ಆಶೀರ್ವಾದಗಳೇ ಉಡುಗೊರೆ ಅನ್ನುವಾಗ ನಗು ಸೇರುತ್ತಿತ್ತು, ಉಡುಗೊರೆ ಬೇಡ ಅಂದರೆ ನಮ್ಮ ಅಂಗಡಿ ಗತಿ ಏನೇ ಅಂತ ಇವನು ರೇಗಿಸುತ್ತಿದ್ದ, ಅದಕ್ಕೂ ನಗು. ಮುಗಿದ ಪತ್ರಿಕೆಯನ್ನು ಮಾತ್ರ ಬಿಸಾಡುವ ಹಾಗಿಲ್ಲ, ಮೇಲೆ ದೇವರ ಹೆಸರಿದೆ, ಮೂಲೆಗೆ ಅರಿಸಿನ ಹಚ್ಚಿದೆ, ಕಸದವನ ಗಾಡಿಗೆ ಹೇಗೆ ಹಾಕ್ತೀರಿ, ಅದಕ್ಕೇ ಅಟ್ಟದ ಮೇಲೆ ಒಂದು ಬಟ್ಟೆ ಚೀಲ, ಬಂದ ಪತ್ರಿಕೆಯೆಲ್ಲ ಅದರೊಳಗೆ, ಹೊಳೆನರಸೀಪುರದ ಕಡೆ ಯಾರಾದರೂ ಹೊರಟರೆ ಹೇಮಾವತಿಯಲ್ಲಿ ಬಿಟ್ಟು ಬನ್ನಿ ಅಂತ ಕೈಗೆ ಕೊಡೋದು, ಇವನಿಗೂ ಎಷ್ಟು ಸಲ ಕೊಟ್ಟಿದ್ದಾಳೆ, ಸೇತುವೆ ಮೇಲೆ ಸ್ಕೂಟರ್ ನಿಲ್ಲಿಸಿ ಒಂದೊಂದೇ ಬಿಟ್ಟಿದ್ದಾನೆ, ಊರವರ ಮದುವೆಯೆಲ್ಲ ತೇಲಿಕೊಂಡು ಹೋಗುತ್ತಿದ್ದವು.

ನೀಲಿ ಇನ್ನೊಂಚೂರು ಮುಂದೆ ಬಂತು. ನಿನ್ನೆ ಶುರು ಮಾಡಿದ್ದು, ಅಂಗಡಿಗೆ ಬೀಗ ಹಾಕಿ, ಪಾತ್ರೆಯ ಧೂಳು ಊದುವ ಬ್ಲೋವರ್ ತಂದು, ಡಬ್ಬದ ಪಕ್ಕ ಬಿಚ್ಚಿ ಊದಿದರೆ ಒಳಗಿಂದ ಮುದ್ದೆ ಮುದ್ದೆ ಧೂಳು, ಒಂದು ಸತ್ತ ಜಿರಲೆ, ಅವಳದೊಂದು ಹೇರ್‌ಪಿನ್ನು, ಅದು ಅಲ್ಲಿಗೆ ಹೇಗೆ ಹೋಯಿತೋ ಶಿವನೇ ಬಲ್ಲ, ಆಮೇಲೆ ರಜನೀಶನಿಗೆ ಫೋನು, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಅವನು ಹೇಳಿದ್ದೊಂದೊಂದೇ ಮಾಡಿದ್ದು, ಬೇಡದ ಪ್ರೋಗ್ರಾಂ ತೆಗೀರಿ ಅಂಕಲ್, ತೆಗೆದೆ, ಟೆಂಪ್ ಅಂತ ಇರುತ್ತೆ ನೋಡಿ ಅದರಲ್ಲಿರೋದೆಲ್ಲ ಅಳಿಸಿ, ಅಳಿಸಿದೆ, ಈಗ ರಿಸೈಕಲ್ ಬಿನ್ ನೋಡಿ, ಕಸದ ಬುಟ್ಟಿ ಚಿತ್ರ, ತುಂಬಿದೆಯಾ? ತುಂಬಿದೆಯಾ ಅಂದರೇನಪ್ಪ, ತುಳುಕುತ್ತಾ ಇದೆ, ಕಾಗದ ಹೊರಗೆ ಇಣುಕುತ್ತಿದೆ, ಅಯ್ಯೋ ಅದೇ ಮತ್ತೆ, ಜಾಗವೇ ಇಲ್ಲ ಅದಕ್ಕೆ ಉಸಿರಾಡೋಕೆ, ಖಾಲಿ ಮಾಡಿ. ಅಷ್ಟು ಕಟ್ಟುನಿಟ್ಟಿನ ಹೆಂಗಸು, ದಿನಾ ಎರಡು ಹೊತ್ತು ಮನೆ ಗುಡಿಸುವವಳು, ಇಲ್ಲಿ ಒಂದು ದಿನವೂ ಕಸ ಚೆಲ್ಲಿಲ್ಲವಲ್ಲ ಅಂತ ನಗುವೂ ಬಂತು, ನೋಡೇ ನಿನ್ನ ಕಸ ನಾನು ಚೆಲ್ಲಬೇಕಾಯ್ತು ಅಂತ ತಿರುಗಿ ಅವಳಿಗೂ ಹೇಳಿದ, ಖಂಡಿತಾನಾ ಅಂತ ಕೇಳಿತು ಡಬ್ಬ, ಗಿರಾಕಿ ಕೈಗೆ ಚಿಲ್ಲರೆ ಕೊಡೋ ಅಭ್ಯಾಸದ ಕೈ, ಟಕ್ಕನೆ ಎಸ್ ಒತ್ತಿದ, ಕಾಗದ ಮುದುರಿದ ಹಾಗೆ ಸದ್ದು ಬಂತು, ಎಷ್ಟೋ ಹೊತ್ತು ಬಂತು, ಹಿಂದಿನಿಂದ ಅವಳು ಆ, ಆ, ಆ ಅಂದಳು, ಎಡಗೈ ಮೇಲೆತ್ತಿ ಬೆರಳು ಆಡಿಸಿದಳು, ನೀರಾ? ಬಂದೆ ತಾಳು, ಅಂತ ಎದ್ದು ಲೋಟದಲ್ಲಿ ನೀರು ತಂದು ಬಾಯಿಗೆ ಹಿಡಿದರೆ ತಳ್ಳಿಬಿಟ್ಟಳು, ಪಂಚೆಯೆಲ್ಲ ಒದ್ದೆ, ಏನು ಹಟ ನಿಂದು, ಮಗುಗಿಂತ ಕಡೆ ಆದೆಯಲ್ಲ, ಅಂತ ರೇಗಿದ, ಆಮೇಲೆ ಅವಳು ತುಂಬಾ ಹೊತ್ತು ಅತ್ತಳು, ಭುಜ ನೋಯುತ್ತಿರಬೇಕು ಅಂತ ಎಣ್ಣೆ ಹಚ್ಚಿ ತಿಕ್ಕಿದ, ಸುಮ್ಮನಾದಳು, ಆಮೇಲೆ ಕೆಂಪನ್ನು ನೀಲಿ ಮಾಡೋ ಈ ಜೋಡಣೆ ಶುರು ಹಚ್ಚಿಟ್ಟು ಮಲಗಿದ. ಬೆಳಿಗ್ಗೆ ಎದ್ದಾಗ ಶಾಂತವಾಗಿದ್ದಳು, ಹೆಡ್‌ಫೋನು ತೋರಿಸಿ ಇವತ್ತು ನಿನ್ನ ಧ್ವನಿ ನಿನಗೇ ಕೇಳಿಸ್ತೀನಿ ನೋಡು ಅಂದರೆ ಇವನ ಮುಖವನ್ನೇ ನೋಡಿದಳು, ನೋಡಿ ನೋಡಿ ತಲೆ ಬಗ್ಗಿಸಿದಳು, ಹಾಕು ಅನ್ನುವ ಹಾಗೆ.

ಸ್ವಾಮೇರೆ, ಇದೀರಾ — ಬಾಗಿಲಲ್ಲಿ ಯಾರೋ, ನುಗ್ಗೇಹಳ್ಳಿಯ ನಂಜಪ್ಪ, ಹೆಗಲ ಮೇಲೆ ಟವೆಲು, ಕೈಯಲ್ಲಿ ಪತ್ರಿಕೆಯ ಕಟ್ಟು, ಅಂಗ್ಡಿತಾವ್ ಓಗಿದ್ದೆ ಸಾ, ಬೀಗ ಆಕಿತ್ತು, ಚಿಕ್ ಮಗಂದು ಮದ್ವೆ ಮಡೀಕಂಡಿವಿ, ಅಂತ ಒಳಗೆ ಬಂದು ಕಮಲಾಕ್ಷಮ್ಮನ ಮುಂದೆ ನಿಂತ, ಅವಳ ಎಡಗೈಗೇ ಪತ್ರಿಕೆ ಕೊಟ್ಟ, ಅವ್ವಾರೆ, ವಾಸಿ ಮಾಡ್ಕಂಡು ಬಂದ್ಬುಡ್ಬೇಕು, ನೀವು ಬರ್ದೆ ಮದ್ವೆ ಎಂಗಾಯ್ತದೆ, ಅವಳು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡಳು, ಹೆಡ್‌ಫೋನು ಹಾಕಿದ ತಲೆ ಮೆಲ್ಲಗೆ ಆಡಿಸಿದಳು, ಅದೇನ್ ಸಾ ಕಿವಿಗೆ ಸಿಗಾಕಿದೀರಿ, ರೇಡ್ಯಾದಾ? ಅಂದ ನಂಜಪ್ಪ, ಇಲ್ಲ ಕಣಯ್ಯ, ಇವಳು ಪತ್ರಿಕೆ ಓದಿದ್ದೆಲ್ಲ ಈ ಕಂಪ್ಯೂಟರಲ್ಲಿ ಇದೆಯಲ್ಲ, ಅದನ್ನು ಕೇಳಿಸಿದರೆ ಮಾತು ಬರಬಹುದು ಅಂದಿದ್ದಾರೆ, ಅಂತ ಇವನು ಹೆಮ್ಮೆಯಿಂದಲೇ ಹೇಳಿದ. ಬರದೇ ಏನ್ ಸಾ, ಬಂದೇ ಬತ್ತದೆ, ಈ ದಪ ಪ್ಯಾಟೆ ಪ್ರೆಸ್‌ನಾಗೆ ಮಾಡ್ಸಿ ಎಲ್ಡು ಎಸ್ರು ಬುಟ್‌ಬುಟ್ಟವ್ರೆ, ನಮ್ ಬಾವಮೈದ ಮೂತಿ ಊದುಸ್ಕಂಡವ್ನೆ, ಅವ್ವಾರು ಮಾಡಿದ್ರೆ ಅಂಗಾಯ್ತಿತ್ತಾ, ನಮ್ ದೊಡ್ ಮಗಂದು ಮದ್ವೆ ಆಗಿ ಎಷ್ಟೋ ವರ್ಸ ಆದ್ಮೇಲೆ ರಿಜಿಸ್ಟ್ರಿಗೆ ಪತ್ರಿಕೆ ಬೇಕು ಅಂದ್ರು ಸಾ, ಮನೇಲಿ ಒಂದೂ ಇರ್ನಿಲ್ಲ, ಅವ್ವಾರ್ ತಾವ್ ಓಡ್ಬಂದೆ, ಅದೋ ಅಲ್ಲಿ ಬುಟ್ಟಿ ಚಿತ್ರ ಐತಲ್ಲ, ಅದ್ರೊಳಗಿಂದ ತಗುದ್ ಕೊಟ್ರು. ಬುಟ್ಟಿಯೊಳಗಿಂದ? ಊಂ ಸಾ, ಅದ್ಯಾಕವ್ವ ಕಸದ್ ಬುಟ್ಟಿಗಾಕಿದೀರಿ ಅಂದೆ, ಕಸ ಅಲ್ಲ ಕಣೋ ನಂಜಪ್ಪ, ದೇವ್ರು ಎಸ್ರು ಇರೋದ ಅಳಿಸ್ಬಾರ್ದು, ನಮ್ ಅಟ್ಟದ್ ಮ್ಯಾಲಿನ್ ಚೀಲ ಇದು, ಮದ್ವೆ ಮುಗುದ್ದೆಲ್ಲ ಇಲ್ಲಿಗಾಕ್ತೀನಿ, ಇದ ಯಾವತ್ತೂ ಖಾಲಿ ಮಾಡಾಕಿಲ್ಲ, ಓದಿದ್ದು ಸೈತ ಇದ್ರಾಗೇ ಐತೆ ಕೇಳು ಅಂತ ನಮ್ಮಪ್ಪನ್ ಎಸ್ರು ಓದಿದ್ದ ಕೇಳ್ಸುದ್ರು ಸಾ, ನಂಗೆ ಕಣ್ಣಾಗೆ ನೀರ್ ಬಂದ್ಬುಡ್ತು, ಸರಿ ಬತ್ತೀನಿ, ಇನ್ನೂ ಸುಮಾರ್ ಮನೆ ಐತೆ, ಬುಡಂಗಿಲ್ಲ, ಬರ್ಬೇಕು. ಹೋದ ನಂಜಪ್ಪ. ಚಪ್ಪಲಿ ಸದ್ದು ಗೇಟಿನವರೆಗೂ ಕೇಳಿಸಿತು.

ಬುಟ್ಟಿ. ಚೀಲ. ಅಟ್ಟದ ಮೇಲಿನ ಚೀಲ — ಇಲ್ಲ ಇಲ್ಲ, ಬೇರೆ ಕಡೆನೂ ಇಟ್ಟಿರುತ್ತಾಳೆ, ಇಟ್ಟೇ ಇರುತ್ತಾಳೆ, ಜಾಣೆ ಅವಳು, ಅಂದುಕೊಳ್ಳುತ್ತಲೇ ಕೈ ಫೋನಿಗೆ ಹೋಯಿತು, ರಜನೀಶ, ಎತ್ತೋ ಮಾರಾಯ, ರಿಂಗಾಗುತ್ತಿದೆ, ಪರದೆಯ ಮೇಲೆ ನೀಲಿ ಇನ್ನೊಂದು ಬಿಳಿ ಜಾಗ ನುಂಗಿತು, ಆ ಬಿಳಿ ಏನು, ನಿನ್ನೆ ಖಾಲಿ ಮಾಡಿದ್ದೇ ಆ ಬಿಳಿ ತಾನೇ, ಅಲ್ಲಿ ಅವಳಿದ್ದಳು ತಾನೇ, ನಿಲ್ಲಿಸಲಾ, ಸ್ಟಾಪ್ ಅಂತ ಗುಂಡಿ ಕಾಣುತ್ತಿದೆ, ಮಧ್ಯದಲ್ಲಿ ಮಾತ್ರ ನಿಲ್ಲಿಸಬೇಡಿ ಅಂಕಲ್ ಅಂದಿದ್ದನಲ್ಲ, ನಿಲ್ಲಿಸಿದರೆ ಇರೋದೂ ಹೋದರೆ, ಬೆರಳು ಮೌಸಿನ ಮೇಲೇ ನಿಂತಿತು, ಒತ್ತಲಾ, ಬೇಡವಾ, ರಿಂಗು ನಿಂತಿತು, ಮತ್ತೆ ಮಾಡಿದ, ನೀಲಿ, ಇನ್ನೊಂದು ನೀಲಿ, ಅಯ್ಯೋ ತಾಳೋ ಮುಂಡೇದೇ, ಯಾವತ್ತೂ ಇಲ್ಲದ ಚುರುಕು ಇವತ್ತು ಬಂತಾ ನಿನಗೆ, ಹಲೋ ಅಂಕಲ್, ಗಿರಾಕಿ ಇದ್ರು, ಹೇಳಿ — ಏನು ಹೇಳಿದನೋ ಹೇಗೆ ಹೇಳಿದನೋ, ಆ ಕಡೆ ರಜನೀಶ ಮೆತ್ತಗೆ ಮಾತಾಡಿದ, ಬುಟ್ಟಿ ಖಾಲಿ ಮಾಡಿ ಸುಮ್ನೆ ಬಿಟ್ಟಿದ್ದಿದ್ರೆ ತೆಗೆದುಕೊಡ್ತಿದ್ದೆ ಅಂಕಲ್, ಈಗ ಅದರ ಮೇಲೇ ಬೇರೆದು ಬರೆದು ತುಂಬಿಸ್ತಾ ಇದೆ, ನಿಲ್ಲಿಸಿ, ಆಫ್ ಮಾಡಿ ತಂದುಕೊಡಿ, ನೋಡ್ತೀನಿ, ಆದರೆ ಆಸೆ ಇಟ್ಕೊಬೇಡಿ, ಅದು ನಿಮಗೆ ಬೇಕಾಗಿದ್ದು ಅಂತ ಗೊತ್ತಿರಲಿಲ್ಲ ಅಂಕಲ್, ಕಸ ಅಂದ್ರಲ್ಲ. ಕಸ ಅಂದೆ. ಹೌದು, ನಾನೇ ಅಂದೆ, ನಿನ್ನದೇನೂ ತಪ್ಪಿಲ್ಲಪ್ಪ. ಅಂಗಡಿಗೆ ಹಳೇ ಕೊಳಗ ತಂದು ಹೆಸರು ತೆಗೆದುಕೊಡಿ ಅನ್ನುತ್ತಾರೆ, ಉಜ್ಜಿ ಬರೀ ತೆಗೆದರೆ ಬೆಳಕಿಗೆ ಓರೆ ಹಿಡಿದು ಹಳೇ ಹೆಸರು ಓದಬಹುದು, ಅದರ ಮೇಲೆ ಹೊಸದು ಕೊರೆದರೆ ಹೋಯಿತು, ಆ ದೇವರು ಬಂದರೂ ಓದಲಾರ, ಇಷ್ಟು ವರ್ಷ ಕೊರೆದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸ್ಟಾಪ್ ಒತ್ತಿದ. ನಿಂತಿತು. ಬುಟ್ಟಿಯ ಮೇಲೆ ಒತ್ತಿದ, ತಟ್ಟನೆ ತೆರೆಯಿತು, ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು, ಎಂಥ ವೇಗ, ಒಳಗೆ ಏನೂ ಇಲ್ಲ, ಇನ್ನೊಂದು ಫೋಲ್ಡರು, ತಟ್ಟನೆ, ಅದರಲ್ಲಿ ಖಾಲಿ ಪತ್ರಿಕೆಯ ಮಾದರಿಗಳು, ವರನ ಹೆಸರಿನ ಜಾಗದಲ್ಲಿ ಚುಕ್ಕಿ, ವಧುವಿನ ಹೆಸರಿನ ಜಾಗದಲ್ಲಿ ಚುಕ್ಕಿ, ಇನ್ನೊಂದು, ಮತ್ತೊಂದು, ಹುಡುಕು ಅಂದರೆ ಹುಡುಕಿ ಮುಗಿಸಿಯೇಬಿಟ್ಟಿತು, ಯಾವ ಧ್ವನಿಯೂ ಇಲ್ಲ, ಇಲ್ಲ ಅನ್ನೋದನ್ನೂ ಎಷ್ಟು ಬೇಗ ಹೇಳುತ್ತೆ ನೋಡು ಹಾಳಾದ್ದು.

ನೀರು ಕೇಳಿದ್ದಲ್ಲ ಅವಳು. ಬೇಡ ಅಂದದ್ದು, ಬೇಡ ಬೇಡ ಬೇಡ ಅಂದದ್ದು, ನಾನು ಲೋಟ ಹಿಡಕೊಂಡು ನಿಂತೆ, ರೇಗಿದೆ, ಭುಜಕ್ಕೆ ಎಣ್ಣೆ ತಿಕ್ಕಿದೆ, ಅಯ್ಯೋ ಶಿವನೇ, ಅವಳಿಗೆ ಗೊತ್ತು, ನಿನ್ನೆಯಿಂದ ಗೊತ್ತು, ಆ ಸದ್ದು ಮುಗಿಯುವವರೆಗೂ ಇಲ್ಲೇ ಹಿಂದೆ ಕೂತು ಕೇಳಿದ್ದಾಳೆ, ಗೊತ್ತಿದ್ದೂ ಬೆಳಿಗ್ಗೆ ತಲೆ ಬಗ್ಗಿಸಿದಳಾ, ನಾನು ಹಾಕಲಿ ಅಂತ, ನನ್ನ ಮುಖ ನೋಡಿ — ಹೇಳಬೇಕು ಅವಳಿಗೆ, ತಿರುಗಿ ಹೇಳಿಬಿಡಬೇಕು, ಕಮಲಾ, ತಪ್ಪಾಯ್ತು ಕಣೇ, ಅಷ್ಟು ಹೇಳಿದರೆ ಸಾಕು, ತಿರುಗಿದ, ಬಾಯಿ ತೆರೆದ, ಅಷ್ಟರಲ್ಲಿ ಅವಳು ಪರದೆ ನೋಡಿದಳು, ಇವನನ್ನು ನೋಡಿದಳು, ಎಡಗೈ ಎತ್ತಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು, ಏನೋ ಕೇಳಿಸಿಕೊಳ್ಳುತ್ತಿರುವವಳ ಹಾಗೆ ಕಣ್ಣು ಅರೆ ಮುಚ್ಚಿದಳು, ಬಾಯಿಯ ಎಡಮೂಲೆಯಲ್ಲಿ ನಗು ಬಂತು, ಕೇಳಿಸ್ತಾ ಇದೆ ಬಿಡಿ ಅನ್ನುವ ಹಾಗೆ ತಲೆ ಆಡಿಸಿದಳು, ವೈರಿನ ತುದಿ ಮಡಿಲಲ್ಲೇ ಇದೆ, ಪಿನ್ನು ಸೀರೆಯ ನೆರಿಗೆಯಲ್ಲಿ, ಅವಳು ತಲೆ ಆಡಿಸುತ್ತಿದ್ದಾಳೆ, ಹೆಸರೆಲ್ಲ ಸರಿಯಾಗಿದೆ ಅನ್ನುವ ಹಾಗೆ, ಒಂದೊಂದೇ ಹೆಸರಿಗೆ, ತಲೆ ಆಡಿಸುತ್ತಿದ್ದಾಳೆ, ಪಿನ್ನು ನೆರಿಗೆಯಲ್ಲಿ, ತಲೆ ಆಡಿಸುತ್ತಲೇ ಇದ್ದಾಳೆ